ಐದೂವರೆ ಮನೆಯ ಫ್ಯಾನು

ಜೂನ್ 3, ಸೋಮವಾರ

ಸ್ಟೋರ್ ರೂಮಿಗೆ ಪ್ರತ್ಯೇಕ ಲೈನ್ ಎಳೆದು ಮುಗಿಯಿತು. ನಾಲ್ಕು ಎಂಎಂ ವೈರು, ಇಪ್ಪತ್ತು ಆಂಪಿನ ಎಂಸಿಬಿ, ಅರ್ಥಿಂಗ್ ಬೇರೆ. ಗೋಡೆ ಕೊರೆದ ಧೂಳು ಇನ್ನೂ ಮೂಗಿನಲ್ಲಿದೆ. ಲಿಫ್ಟ್ ಮೆಕ್ಯಾನಿಕ್ ಆಗಿ ರಿಟೈರ್ ಆದವನಿಗೆ ಇದೇನು ಮಹಾ ಅಂದುಕೊಂಡಿದ್ದೆ. ಸೊಂಟದ ಅಭಿಪ್ರಾಯ ಬೇರೆ.

ಬಾಮೈದ ಎರಡು ಬಿಟ್‌ಕಾಯಿನ್ ಮೆಷಿನ್ ತೋರಿಸಿದ್ದ. ಅವನ ಅಪಾರ್ಟ್‌ಮೆಂಟಿನವರು ಓಡಿಸಲು ಬಿಡುತ್ತಿಲ್ಲವಂತೆ, ಸದ್ದು ಅಂತ. ಹೊಸದು ಮೂರೂವರೆ ಕಿಲೋವಾಟ್ ತಿನ್ನುತ್ತದೆ. ಅದನ್ನಿಟ್ಟರೆ ಮೀಟರಿನ ಲೋಡ್ ಹೆಚ್ಚಿಸಿಕೊಳ್ಳಲು ಆಫೀಸಿಗೆ ಅಲೆಯಬೇಕು. ಹಳೆಯದು ಸಾವಿರದ ಮುನ್ನೂರು ವಾಟ್ — ದಿನವಿಡೀ ಇಸ್ತ್ರಿಪೆಟ್ಟಿಗೆ ಹಾಕಿಟ್ಟ ಹಾಗೆ. ಹಳೆಯದೇ ಸಾಕು ಎಂದೆ.

"ಭಾವ, ಅದರಲ್ಲಿ ಲಾಭ ಇಲ್ಲ ಈಗ. ಕರೆಂಟ್ ಬಿಲ್ಲಿಗೆ ಸಮ ಆದ್ರೆ ಪುಣ್ಯ."

ಆಗಲಿ ಬಿಡು ಎಂದೆ.

ಬಿಟ್‌ಕಾಯಿನ್ ಗಣಿ ಅಂದರೆ ಏನು ಎಂದು ಇವಳು ಕೇಳಿದಳು. ಅದೊಂದು ಲೆಕ್ಕ ಊಹಿಸುವ ಮೆಷಿನ್, ಲೋಕದ ಲಕ್ಷಾಂತರ ಮೆಷಿನ್‌ಗಳ ಜೊತೆ ಪೈಪೋಟಿ, ನಮ್ಮ ಗುಂಪಿನ ಯಾವುದಾದರೂ ಒಂದು ಸರಿ ಊಹಿಸಿದರೆ ನಮಗೂ ಒಂದು ಚೂರು ಸಿಗುತ್ತದೆ ಎಂದೆ.

"ಅಂದ್ರೆ ಹಗಲೂ ರಾತ್ರಿ ತಪ್ಪು ಉತ್ತರ ಹೇಳ್ತಾನೇ ಇರತ್ತೆ."

"ಹೂಂ."

"ನನ್ನ ಸ್ಟೂಡೆಂಟ್ಸ್ ಥರ."

ಒಂದು ವಾರದಲ್ಲಿ ಇವಳು ಆಡಿದ ಅತಿ ಉದ್ದದ ಮಾತು ಇದೇ ಇರಬೇಕು. ಗಂಟಲಿನ ಆಪರೇಷನ್ ಆಗಿ ಎರಡು ವರ್ಷ. ಗಂಟು ಹೋಯಿತು, ಡಾಕ್ಟರು ಎಲ್ಲ ಚೆನ್ನಾಗಿದೆ ಎಂದರು. ಜೀವಮಾನವಿಡೀ ಸಂಗೀತ ಹೇಳಿಕೊಟ್ಟವಳು ಮನೆಗೆ ಬಂದ ಮೇಲೆ ಒಂದೇ ಒಂದು ಸಲ ಹಾಡಲು ನೋಡಿದಳು. ದನಿ ಒಡೆಯಿತು. ಹಾರ್ಮೋನಿಯಂ ಮುಚ್ಚಿದಳು, ಪಾಠದ ಕೋಣೆಗೆ ಚಿಲಕ ಹಾಕಿದಳು. ಮತ್ತೆ ಹಾಡಿಲ್ಲ. ಫ್ರಿಜ್ಜು ನಿಂತದ್ದು, ಶುರುವಾದದ್ದು ಎಲ್ಲ ಕೇಳಿಸುವಷ್ಟು ನಿಶ್ಶಬ್ದ ಈ ಮನೆ. ಇಲ್ಲಿ ಸುಳ್ಳು ಬರೆದು ಯಾರಿಗೆ ತೋರಿಸಬೇಕು... ಬಿಟ್‌ಕಾಯಿನ್ ಒಂದು ನೆಪ. ಮನೆಯಲ್ಲಿ ಏನಾದರೊಂದು ಸದ್ದು ಬೇಕಾಗಿದೆ ನನಗೆ.

ಜೂನ್ 5, ಬುಧವಾರ, ಸಂಜೆ

ಮೆಷಿನ್ ಬಂತು. ಬೂಟಿನ ಡಬ್ಬಿಗಿಂತ ಸ್ವಲ್ಪ ಉದ್ದ. ಮುಂದೊಂದು ಫ್ಯಾನು, ಹಿಂದೊಂದು ಫ್ಯಾನು, ನಡುವೆ ಮೂರು ಬೋರ್ಡು. ಭಾರ ಇದೆ.

ತಡೆಯಲಾಗಲಿಲ್ಲ. ಹೊಸ ಲೈನಿಗೆ ಸಾಕೆಟ್ ಕೂರಿಸುವ ಮೊದಲೇ, ಒಂದು ಸಲ ನೋಡಿಬಿಡೋಣ ಎಂದು ಅಡುಗೆಮನೆಯ ಪ್ಲಗ್ಗಿಗೆ ಹಾಕಿದೆ. ಅದೇ ಗಳಿಗೆಗೆ ಇವಳು ಮಿಕ್ಸಿ ಹಾಕಿದಳು. ಅಡುಗೆಮನೆಯೆಲ್ಲ ಕತ್ತಲೆ.

"ರೀ, ಗಣಿ ಕುಸೀತಾ?"

ಮೂವತ್ತು ಚಿಲ್ಲರೆ ವರ್ಷ ಊರಿನ ಲಿಫ್ಟುಗಳನ್ನೆಲ್ಲ ನೋಡಿಕೊಂಡವನ ಮರ್ಯಾದೆ ಮಿಕ್ಸಿ ಮುಂದೆ ಹೋಯಿತು. ಸಾಕೆಟ್ ಕೂರಿಸಿ ಸ್ಟೋರ್ ರೂಮಿನಲ್ಲೇ ಶುರು ಮಾಡಿದೆ. ಶುರುವಿಗೆ ಎರಡೂ ಫ್ಯಾನು ಪೂರ್ತಿ ವೇಗದಲ್ಲಿ ಅರಚುತ್ತವೆ. ಪಕ್ಕದ ಮನೆಯ ಟೈಲರ್ ಕುತ್ತಿಗೆಯಲ್ಲಿ ಟೇಪ್ ಹಾಕಿಕೊಂಡೇ ಓಡಿ ಬಂದ.

"ಸಾರ್, ಹೆಲಿಕಾಪ್ಟರ್ ಏನಾದ್ರೂ ಇಳಿಸಿದೀರಾ?"

ಎರಡು ದಿನ ಟೈಮ್ ಕೊಡಪ್ಪ ಎಂದೆ.

ಜೂನ್ 9, ಭಾನುವಾರ

ಪ್ಲೈವುಡ್ ಪೆಟ್ಟಿಗೆ ಮಾಡಿ ಒಳಗೆ ಫೋಮ್ ಹಚ್ಚಿದೆ. ಬಿಸಿಗಾಳಿಗೆ ಅಲ್ಯೂಮಿನಿಯಂ ಪೈಪ್, ಕಿಟಕಿಯವರೆಗೆ. ಈಗ ಟೈಲರನ ಹೊಲಿಗೆ ಮೆಷಿನ್ನೇ ಹೆಚ್ಚು ಸದ್ದು ಮಾಡುತ್ತದೆ. ಅವನಿಗೂ ಹೇಳಿದೆ, ಮುಖ ಸಣ್ಣಗೆ ಮಾಡಿಕೊಂಡ.

ಪೈಪಿನ ಬಾಯಿಯ ಎದುರು ಇವಳು ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದಾಳೆ. "ನಿಮ್ಮ ಗಣಿಯಲ್ಲಿ ಇಷ್ಟಾದ್ರೂ ಸಿಕ್ತಲ್ಲ."

ಸಂಜೆ ಸ್ಟೂಲ್ ಹಾಕಿಕೊಂಡು ಅದರ ಪಕ್ಕ ಸುಮ್ಮನೆ ಕೂತಿದ್ದೆ. ಬಿಸಿಯಾದ ಧೂಳು, ತಾಮ್ರ, ಸ್ವಲ್ಪ ವಾರ್ನಿಷ್... ಲಿಫ್ಟಿನ ಮೋಟಾರ್ ರೂಮಿನದ್ದೇ ವಾಸನೆ. ಎಷ್ಟು ವರ್ಷವಾಯಿತು. ಆ ಏಳು ಮಹಡಿಯ ಕಟ್ಟಡ, ತಾರಸಿಯ ಮೇಲೆ ನನ್ನ ಮೋಟಾರು, ನಾಲ್ಕನೇ ಮಹಡಿಯಲ್ಲಿ ಸಂಗೀತ ಕ್ಲಾಸು. ಲಿಫ್ಟಿನ ಬಾವಿಯಲ್ಲಿ ದನಿ ಮೇಲೆ ಬರುತ್ತಿತ್ತು. ಲಿಫ್ಟು ಕೆಳಗಿದ್ದರೆ ಪಕ್ಕದಲ್ಲೇ ಕೂತು ಹಾಡಿದ ಹಾಗೆ. ಮೇಲೆ ಬಂದರೆ ಬಾಯಿಗೆ ಕೈ ಅಡ್ಡ ಹಿಡಿದ ಹಾಗೆ. ಯಾರು ಹಾಡುತ್ತಿದ್ದಾರೆ ಎಂದು ಗೊತ್ತಿರಲಿಲ್ಲ. ಕೆಟ್ಟಿರದ ಲಿಫ್ಟಿಗೆ ಗ್ರೀಸ್ ಹಚ್ಚಲು ವಾರಕ್ಕೆರಡು ಸಲ ಹೋಗುತ್ತಿದ್ದೆ. ಅಲ್ಲಿನ ವಾಚ್‌ಮನ್ ಒಂದು ದಿನ ಹೇಳಿಯೇಬಿಟ್ಟ — "ನೀವು ಇದಕ್ಕೆ ಹಾಕಿರೋ ಗ್ರೀಸಲ್ಲಿ ಊರಿನ ಲಿಫ್ಟೆಲ್ಲ ಓಡತ್ತೆ."

ಆಮೇಲೆ ಒಂದು ದಿನ ನಿಜವಾಗಿಯೂ ಕೆಟ್ಟಿತು. ಎರಡು ಮಹಡಿಗಳ ನಡುವೆ ನಿಂತಿತು, ಒಳಗೆ ಒಬ್ಬಳೇ ಇವಳು. ಹೆದರಿಕೆ ತಡೆಯಲು ಹಾಡುತ್ತಿದ್ದಳು, ಅದೇ ದನಿ. ಬಾಗಿಲು ಸರಿಸಿ ಕೈ ಕೊಟ್ಟೆ. "ಇನ್ನೈದು ನಿಮಿಷ ತಡ ಮಾಡಿದ್ರೆ ಮುಗೀತಿತ್ತು ಹಾಡು" ಎಂದಳು. ಇವಳನ್ನೇ ಮದುವೆಯಾಗುವುದು ಅಂತ ಅಲ್ಲೇ ಗೊತ್ತಾಗಿಹೋಯಿತು ನನಗೆ. ಇವಳಿಗೆ ಗೊತ್ತಾಗಲು ಎಂಟು ತಿಂಗಳು ಬೇಕಾಯಿತು.

ಆ ದನಿ ಬೇಕು ನನಗೆ. ಇನ್ನೊಂದೇ ಸಲ ಸಾಕು.

ಜೂನ್ 16, ಭಾನುವಾರ

ದೊಡ್ಡ ಪೆದ್ದುತನ ಮಾಡಿದೆ. ಬರೆದಿಡಬೇಕು.

ಪೆಟ್ಟಿಗೆ ತೆಗೆದು ಧೂಳು ಹೊಡೆಯುತ್ತಿದ್ದೆ, ಮೆಷಿನ್ ಓಡುತ್ತಿತ್ತು. ಇವಳು ಬಟ್ಟೆ ಮಡಚುತ್ತಾ ನಿಂತಿದ್ದಳು. ಇದ್ದಕ್ಕಿದ್ದಂತೆ —

"ಎರಡೂ ಇರೋದು ಒಂದೇ ಕಡೆ. ಆದ್ರೆ ಒಂದೇ ಮನೇಲಿಲ್ಲ. ಅದರ ಪಾಡಿಗೆ ಅದು, ಇದರ ಪಾಡಿಗೆ ಇದು. ಹಿಂಸೆ ಆಗತ್ತೆ."

ನಮ್ಮಿಬ್ಬರ ಮಾತು ಅಂದುಕೊಂಡೆ. ಸಿಟ್ಟು ಬಂದಾಗ ನಮ್ಮಿಬ್ಬರನ್ನೂ ಸೇರಿಸಿ 'ಅದು, ಇದು' ಎನ್ನುವುದು ಇವಳ ರೂಢಿ. ಬ್ರಷ್ ಕೆಳಗಿಟ್ಟೆ.

"ನಾನೇನು ಮಾಡ್ಬೇಕು ಹೇಳು. ಮಾಡ್ತೀನಿ."

"ಒಂದರ ಸ್ಪೀಡು ಸ್ವಲ್ಪ ಕಮ್ಮಿ ಮಾಡಿ."

"ಈ ವಯಸ್ಸಲ್ಲಿ ಇನ್ನೆಷ್ಟು ಕಮ್ಮಿ ಮಾಡೋದೇ?"

ಇವಳು ನನ್ನ ಮುಖ ನೋಡಿದಳು. ಮೆಷಿನ್ ನೋಡಿದಳು. ಆಮೇಲೆ ನಗಲು ಶುರು ಮಾಡಿದವಳು ಬಟ್ಟೆ ರಾಶಿಯ ಮೇಲೆಯೇ ಕೂತಳು. ಗಂಟಲು ಹಿಡಿದುಕೊಂಡು ನಕ್ಕಳು. ಹೇಳಿದ್ದು ಫ್ಯಾನುಗಳ ಮಾತು.

ಇವಳ ಕಸುಬಿನಲ್ಲಿ ಮನೆ ಎಂದರೆ ಹಾರ್ಮೋನಿಯಂ ಮೇಲಿನ ಮನೆ, ಬೆರಳು ಒತ್ತುವ ಪಟ್ಟಿ. ಷಡ್ಜ ಎಲ್ಲಿ ನಿಲ್ಲುತ್ತದೋ ಅದು ಹಾಡುವವರ ಮನೆ. ಒಬ್ಬರದು ಒಂದು, ಒಬ್ಬರದು ನಾಲ್ಕು. ಇವಳದು ಐದೂವರೆ, ಐದಾದ ಮೇಲಿನ ಕಪ್ಪು ಮನೆ. ಮದುವೆಯಾದಾಗಿನಿಂದ ಕೇಳಿದ ಮಾತು, ಎರಡು ವರ್ಷದಲ್ಲಿ ಮರೆತುಬಿಟ್ಟಿದ್ದೆ. ಮುಂದಿನ ಫ್ಯಾನಿಗೂ ಹಿಂದಿನದಕ್ಕೂ ವೇಗದಲ್ಲಿ ಚೂರು ವ್ಯತ್ಯಾಸವಿದೆ, ಅದಕ್ಕೇ ಸದ್ದು ಏಳುತ್ತಾ ಬೀಳುತ್ತಾ ಇದೆ. ನನಗೆ ಕೇಳಿಸಿರಲಿಲ್ಲ. ಇವಳ ಕಿವಿಗೆ ಆಪರೇಷನ್ ಆಗಿಲ್ಲವಲ್ಲ.

ಒಂದು ಯೋಚನೆ ಬಂದಿದೆ. ಫ್ಯಾನಿಗೂ ಒಂದು ಸ್ವರ ಇದೆ ಅಂತಾದರೆ...

ಜೂನ್ 22, ಶನಿವಾರ

ಬಾಮೈದ ಬಂದು ಮೆಷಿನ್‌ಗೆ ಬೇರೆ ಸಾಫ್ಟ್‌ವೇರ್ ಹಾಕಿಕೊಟ್ಟ. ಫ್ಯಾನಿನ ವೇಗ ಈಗ ನಾವು ಹೇಳಿದಷ್ಟೇ. ಯಾಕೆ ಎಂದ. ಟೈಲರ್ ಎಂದೆ.

ಅಕ್ಕ ಹೇಗಿದ್ದಾಳೆ ಎಂದೂ ಕೇಳಿದ, ಹೊರಡುವಾಗ, ಚಪ್ಪಲಿ ಹಾಕಿಕೊಳ್ಳುತ್ತಾ. ನಕ್ಕಳು ಮೊನ್ನೆ ಎಂದೆ. ತುಂಬ ಹೊತ್ತು ಚಪ್ಪಲಿ ಹಾಕಿಕೊಂಡ.

ಇವಳು ಪೇಟೆಗೆ ಹೋದಾಗ ಫೋನಿನಲ್ಲಿ ಶ್ರುತಿ ತೋರಿಸುವ ಟ್ಯೂನರ್ ಹಿಡಿದು ಕೂತೆ. ನಿಮಿಷಕ್ಕೆ ಐದು ಸಾವಿರ ಸುತ್ತಿನ ಹತ್ತಿರ ಬಂದಾಗ ಮುಳ್ಳು ಐದೂವರೆ ಮನೆಯ ಮೇಲೆ ನಿಂತಿತು. ಹಿಂದಿನ ಫ್ಯಾನನ್ನೂ ಅಲ್ಲಿಗೇ ತಂದೆ. ಏರಿಳಿತ ಹೋಯಿತು. ಒಂದೇ ಎಳೆ. ನಾಳೆ ಏನೂ ಹೇಳದೆ ಪೆಟ್ಟಿಗೆ ತೆಗೆದಿಡುತ್ತೇನೆ.

ಜೂನ್ 23, ಭಾನುವಾರ

ತೆಗೆದಿಟ್ಟೆ. ಬಟ್ಟೆ ತೆಗೆಯಲು ಬಂದಳು. ಬಾಗಿಲಲ್ಲೇ ನಿಂತಳು. ಒಂದು ಕೈ ಚೌಕಟ್ಟಿನ ಮೇಲೆ. ತನ್ನದೇ ಶ್ರುತಿ ಎಂದು ತಿಳಿಯಿತು ಇವಳಿಗೆ. ಕಣ್ಣು ಮುಚ್ಚಿದಳು, ಬಾಯಿ ತೆರೆದಳು.

ದನಿ ಅಲ್ಲಿಗೆ ಮುಟ್ಟಲಿಲ್ಲ. ಹತ್ತಿರ ಹೋಗಿ ಒಡೆಯಿತು. ಇನ್ನೊಂದು ಸಲ ನೋಡಿದಳು, ಇನ್ನೂ ಕೆಟ್ಟದಾಗಿ ಒಡೆಯಿತು.

ಬಟ್ಟೆಯನ್ನೂ ತೆಗೆಯದೆ ಹೋದಳು. ಸ್ವಿಚ್ ಆರಿಸಿದೆ.

ಜುಲೈ 14, ಭಾನುವಾರ

ಬರೆಯಲು ಏನೂ ಇರಲಿಲ್ಲ. ಮೆಷಿನ್ ಆಫ್. ಬಟ್ಟೆ ಹೊರಗಿನ ಹಗ್ಗಕ್ಕೆ ಹೋಗಿದೆ. ಊಟ, ಪೇಪರ್, ಟೀ ಎಲ್ಲ ನಡೆಯುತ್ತಿದೆ, ಮಾತು ಮಾತ್ರ 'ಉಪ್ಪು ಸಾಕಾ' ಅಷ್ಟೇ. ಗಣಿ ಗುಂಪಿನ ಲೆಕ್ಕದಲ್ಲಿ ನಮ್ಮ ಹೆಸರಿನ ಮುಂದೆ ಸೊನ್ನೆ ಕಾಣುತ್ತಿದೆ ಎಂದು ಬಾಮೈದ ಫೋನ್ ಮಾಡಿದ್ದ. ಸುಟ್ಟುಹೋಯ್ತಾ ಭಾವ ಎಂದ. ಹಾಗೇ ಅಂದುಕೋ ಎಂದೆ.

ಇವತ್ತು ಟೀ ಕುಡಿಯುವಾಗ ನಾನೇ ಬಾಯಿ ಬಿಟ್ಟೆ. ನಿನಗೆ ನೋವು ಮಾಡಬೇಕೆಂದು ಮಾಡಿದ್ದಲ್ಲ, ನಿನ್ನದೇ ಶ್ರುತಿ ಅಂತ...

ಇವಳು ಲೋಟ ಕೆಳಗಿಟ್ಟಳು.

"ಐದೂವರೆ ಮನೇಲಿ ನಾನು ಇಲ್ಲ ರೀ. ಖಾಲಿ ಮಾಡಿ ಎರಡು ವರ್ಷ ಆಯ್ತು. ನೀವು ಹಳೇ ಅಡ್ರೆಸ್ಸಿಗೆ ಹೋಗಿ ಬಾಗಿಲು ತಟ್ತಾ ಇದೀರ."

ನನ್ನ ಲೋಟವನ್ನೂ ಕೆಳಗಿಟ್ಟು ಕೇಳಿದೆ — "ಈಗ ಯಾವ ಮನೆ?"

"ಗೊತ್ತಿಲ್ಲ. ಹುಡುಕಿಲ್ಲ."

"ಯಾಕೆ?"

"ಹೆದರಿಕೆ. ಎಲ್ಲೂ ಇಲ್ದೇ ಹೋದ್ರೆ?"

ಇಷ್ಟು ವರ್ಷ ಒಟ್ಟಿಗಿದ್ದು, ಹೆದರಿಕೆ ಎಂಬ ಮಾತು ಇವಳ ಬಾಯಲ್ಲಿ ಕೇಳಿದ್ದು ಇದೇ ಮೊದಲು. ಸಿಕ್ಕಿಬಿದ್ದ ಲಿಫ್ಟಿನಲ್ಲೂ ಹೇಳಿರಲಿಲ್ಲ.

ಜುಲೈ 16, ಮಂಗಳವಾರ

ಮತ್ತೆ ಶುರು ಮಾಡಿದೆ. ಐದು ಮನೆ. ಕೇಳಿಯೇ ಮಾಡಿದ್ದು, ಈ ಸಲ. "ಓಡಿಸ್ಲಾ?" ಎಂದೆ. "ನಿಮ್ಮ ಮೆಷಿನ್, ನಿಮ್ಮ ಇಷ್ಟ" ಎಂದಳು. ಅಡುಗೆಮನೆಯಿಂದಲೇ ಕೇಳಿಸಿಕೊಂಡಳು ಅನ್ನಿಸುತ್ತದೆ, ಪಾತ್ರೆ ಸದ್ದು ಸ್ವಲ್ಪ ಹೊತ್ತು ನಿಂತಿತ್ತು. ಆಮೇಲೆ —

"ಇನ್ನೂ ಕೆಳಗೆ."

ಅಷ್ಟೇ.

ಜುಲೈ 24, ಬುಧವಾರ

ನಾಲ್ಕೂವರೆ. ನಾಲ್ಕು. ಎರಡಕ್ಕೂ ಅದೇ ಉತ್ತರ, "ಇನ್ನೂ ಕೆಳಗೆ." ಕೆಲವು ದಿನ ಉತ್ತರವೇ ಇಲ್ಲ. ಆ ದಿನ ನಾನೂ ಕೇಳುವುದಿಲ್ಲ.

ಗಾಳಿ ಕಡಿಮೆಯಾದರೆ ಬೋರ್ಡಿನ ಚಿಪ್ ಬಿಸಿಯಾಗುತ್ತದೆ. ನಾಲ್ಕರಲ್ಲಿ ಮೆಷಿನ್ ತಾನಾಗಿಯೇ ನಿಂತುಬಿಟ್ಟಿತು, ಬಿಸಿ ತಡೆಯದೆ. ಅದು ಊಹಿಸುವ ವೇಗವನ್ನೂ ಇಳಿಸಿದೆ. ಸಾಲಲಿಲ್ಲ. ಮೂರು ಬೋರ್ಡಿನಲ್ಲಿ ಒಂದನ್ನು ಬಿಚ್ಚಿಟ್ಟೆ. ಬಾಮೈದ ಫೋನಿನಲ್ಲಿ ತಲೆ ಚಚ್ಚಿಕೊಂಡ.

"ಭಾವ, ಅಷ್ಟು ಇಳಿಸಿದ್ರೆ ಒಂದು ಚೂರೂ ಸಿಗಲ್ಲ. ಬರೀ ಫ್ಯಾನ್ ತಿರುಗ್ಸೋಕೆ ಮೆಷಿನ್ ಇಟ್ಟ ಹಾಗಾಯ್ತು."

ಸರಿಯಾಗಿ ಹೇಳಿದೆ ಎಂದೆ.

"ಅಕ್ಕನಿಗಾ?"

ಹೂಂ ಎಂದೆ. ಹಾಗಾದ್ರೆ ಇನ್ನೊಂದು ಬೋರ್ಡೂ ಬಿಚ್ಚಿ, ಒಂದರಲ್ಲಿ ಆರಾಮಾಗಿ ಓಡತ್ತೆ ಎಂದ.

ಆಗಸ್ಟ್ 1, ಗುರುವಾರ

ಮೂರೂವರೆ ಇಡುತ್ತೇನೆ ಎಂದು ಹೇಳಿ ಬೈಸಿಕೊಂಡೆ. "ಮೂರೂವರೆ ಅನ್ನೋದು ಇಲ್ಲ ರೀ. ಅಲ್ಲಿ ಕಪ್ಪು ಮನೆಯೇ ಇಲ್ಲ. ನಾಲ್ಕು ಆದ್ಮೇಲೆ ಮೂರೇ." ಪಾಠ ಹೇಳುವ ದನಿ. ಎಷ್ಟು ಕಾಲವಾಯಿತು ಆ ದನಿಯಲ್ಲಿ ಬೈಸಿಕೊಂಡು. ಇನ್ನೆರಡು ತಪ್ಪು ಮಾಡೋಣ ಅನ್ನಿಸಿತು.

ಮೂರು. ನಾಲ್ಕು ಸಾವಿರ ಸುತ್ತಿಗೆ ಚೂರು ಕಡಿಮೆ. ಮೊದಲಿನಂತೆ ಚುಚ್ಚುವ ಸದ್ದಲ್ಲ. ಮೈ ಹರವಿಕೊಂಡು ಕೂತ ಹಾಗಿದೆ.

ಈ ಸಲ "ಇನ್ನೂ ಕೆಳಗೆ" ಬರಲಿಲ್ಲ. ಕಾದೆ. ಬರಲೇ ಇಲ್ಲ.

ಆಗಸ್ಟ್ 11, ಭಾನುವಾರ, ಬೆಳಿಗ್ಗೆ 9

ಪಾಠದ ಕೋಣೆಯ ಚಿಲಕ ತೆಗೆದಿದ್ದಾಳೆ. ಗುಡಿಸಿ, ಒರೆಸಿ, ಕಿಟಕಿ ತೆರೆದಳು. ನಾನು ಏನೂ ಕೇಳಲಿಲ್ಲ. ಸ್ಟೋರ್ ರೂಮಿನಲ್ಲಿ ಸ್ಟೂಲ್ ಮೇಲೆ ಕೂತು ಏನೋ ಕೆಲಸವಿರುವವನ ಹಾಗೆ ಬರೆಯುತ್ತಿದ್ದೇನೆ. ನಡುವಿನ ಬಾಗಿಲು ತೆರೆದಿದೆ. ಪೆಟ್ಟಿಗೆ ತೆಗೀರಿ ಎಂದು ಇವಳೇ ಹೇಳಿದಳು.

9.20

ಷಡ್ಜ ಹಿಡಿದಳು. ಸಣ್ಣಗೆ. ಫ್ಯಾನಿನ ಜೊತೆ ಸೇರಿದ್ದರಿಂದ ಮೊದಲು ನನಗೆ ಬೇರೆಯಾಗಿ ಕೇಳಿಸಲೇ ಇಲ್ಲ.

ಲಿಫ್ಟಿನ ಬಾವಿಯಲ್ಲಿ ಬರುತ್ತಿದ್ದ ದನಿ ಇದಲ್ಲ. ಒಳಗೆ ಮರಳಿನ ಗರಗರ ಇದೆ ಇದರಲ್ಲಿ. ಆ ಹುಡುಗಿಯ ದನಿ ಇನ್ನು ಈ ಲೋಕದಲ್ಲಿ ಎಲ್ಲೂ ಇಲ್ಲ ಎಂದು ನನಗೆ ನಿಜವಾಗಿ ಗೊತ್ತಾದದ್ದು ಈಗ. ನಾನು ಅತ್ತುಬಿಟ್ಟೆ. ಇವಳು ನೋಡಲಿಲ್ಲ. ಅತ್ತು ಮುಗಿದ ಮೇಲೆ ಕೇಳಿಸಿಕೊಂಡೆ — ಈಗ ಹಾಡುತ್ತಿರುವವಳನ್ನು.

ಒಡೆಯಿತು. ನೀರು ಕುಡಿದು ಮತ್ತೆ ಹಿಡಿದಳು.

ಈ ಸಲ ನಿಂತಿದೆ. ಗಟ್ಟಿಯಾಗಿದೆ. ನನ್ನ ಕಡೆ ತಿರುಗಿ ಕೈಯಲ್ಲೇ ಸನ್ನೆ ಮಾಡುತ್ತಿದ್ದಾಳೆ. ಮೆಷಿನ್ ಆರಿಸಬೇಕಂತೆ. ಬೇಡ, ಇನ್ನೂ ಸ್ವಲ್ಪ ದಿನ ಇರಲಿ ಎಂದು ನಾನೂ ಸನ್ನೆ ಮಾಡಿದೆ. ಕಣ್ಣಲ್ಲೇ ಗದರಿದಳು. ಹಾಡು ನಿಲ್ಲಿಸಲಿಲ್ಲ.

ಆರಿಸಿದೆ.

ಫ್ಯಾನು ಒಮ್ಮೆಲೇ ನಿಲ್ಲುವುದಿಲ್ಲ. ಮೂರರಿಂದ ಜಾರಿತು. ಎರಡೂವರೆ, ಎರಡು, ಒಂದು, ಆಮೇಲೆ ಹೆಸರಿಲ್ಲದ ಮನೆಗಳು, ಆಮೇಲೆ ಬರೀ ಗಾಳಿ. ಇವಳು ಅದರ ಜೊತೆ ಜಾರಲಿಲ್ಲ. ಮೂರರಲ್ಲೇ ಇದ್ದಾಳೆ. ಒಬ್ಬಳೇ. ಉಸಿರು ತೆಗೆದುಕೊಂಡಳು, ಮತ್ತೆ ಅಲ್ಲಿಗೇ ಬಂದಳು. ಈಗ ಪಂಚಮಕ್ಕೆ ಏರುತ್ತಿದ್ದಾಳೆ. ಪೆನ್ನು ಕೆಳಗಿಡುತ್ತೇನೆ.