ಜವರಪ್ಪನ ಪಕ್ಕದ ಖಾಲಿ ಜಾಗ

ಹಾಸನ
14-9-2006

ಪ್ರೀತಿಯ ಅಪ್ಪನಿಗೆ ರಶ್ಮಿಯ ನಮಸ್ಕಾರ.

ನಾನಿಲ್ಲಿ ಕ್ಷೇಮ. ಕಾಗದ ಬರೆಯದೆ ತಿಂಗಳು ದಾಟಿತು, ಚೆನ್ನಾಗಿ ಬೈದುಕೊಂಡಿರುತ್ತೀರಿ. ಫೋನ್ ಮಾಡಬಹುದಿತ್ತು. ಆದರೆ ಎಸ್ಟೇಟ್ ಆಫೀಸಿನ ಫೋನಿಗೆ ನೀವು ಬಂದು ‘ಹಲೋ’ ಅನ್ನುವಷ್ಟರಲ್ಲಿ ಹೆಗ್ಗದ್ದೆಯ ಅರ್ಧ ಊರಿಗೆ ನನ್ನ ಸಮಾಚಾರ ಗೊತ್ತಾಗಿರುತ್ತದೆ. ಈ ಸಲದ್ದು ಹಾಗೆ ಹೇಳುವ ಸಮಾಚಾರವಲ್ಲ. ಅಮ್ಮ ಕಳಿಸಿದ ಕಳಲೆ ಉಪ್ಪಿನಕಾಯಿ ಹಾಸ್ಟೆಲಿನಲ್ಲಿ ಎರಡೇ ದಿನಕ್ಕೆ ಖಾಲಿಯಾಯಿತೆಂದು ಅವಳಿಗೆ ಹೇಳಿ.

ಮಾರಮ್ಮನಿಗಾಗಿ ಚಿತ್ರ ಮಾಡುತ್ತಿದ್ದೇನೆ. ಗಂಡ ಜವರಪ್ಪ ಕಾಣೆಯಾಗಿ ಐದೂವರೆ ವರ್ಷವಾದರೂ ಅವಳು ಕುಂಕುಮ ಬಿಟ್ಟಿರಲಿಲ್ಲ. ಈ ಸಲ ಪಿತೃಪಕ್ಷಕ್ಕೆ ಅವನಿಗೂ ಎಡೆ ಇಡಲೇಬೇಕೆಂದು ಅವಳ ಮನೆಯ ಹಿರಿಯರು ತೀರ್ಮಾನ ಮಾಡಿದ್ದಾರಂತೆ. ಎಡೆ ಇಟ್ಟರೆ ಸತ್ತ ಹಾಗೆಯೇ ಲೆಕ್ಕ. ಇಡಲು ಅವನದೊಂದು ಫೋಟೋ ಇಲ್ಲ. ಇರುವುದು ಎಂಟನೇ ಕ್ಲಾಸಿನಲ್ಲಿ ನಾನು ಬರೆದ ಪೆನ್ಸಿಲ್ ಚಿತ್ರ ಒಂದೇ. ‘ಕಂಪ್ಯೂಟ್ರಲ್ಲಿ ಬಣ್ಣ ಹಾಕ್ಕೊಡು ಮಗ, ಫೋಟೋ ತರ ಕಾಣ್ಬೇಕು’ ಅಂದಳು. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ಇಲ್ಲವೆನ್ನಲು ಬಾಯಿ ಬರುತ್ತದೆಯೇ?

ಆ ಚಿತ್ರದಲ್ಲಿ ಜವರಪ್ಪ ಕಾಫಿ ಕಣದ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದಾನೆ. ಅದನ್ನು ಸ್ಕ್ಯಾನ್ ಮಾಡಿ ಕಾಲೇಜಿನ ಕಂಪ್ಯೂಟರಿಗೆ ಹಾಕಿದೆ. ಗೆರೆ ಮಸುಕಾಗಿತ್ತು, ಕಪ್ಪು ಏರಿಸುತ್ತ ಹೋದೆ. ಏರಿಸಿದಂತೆ ಅವನ ಪಕ್ಕದ ಖಾಲಿ ಜಾಗದಲ್ಲಿ ಏನೋ ಮೂಡತೊಡಗಿತು. ಮೊದಲು ಕೊಳೆ ಅಂದುಕೊಂಡೆ. ಆಮೇಲೆ ಅದಕ್ಕೆ ಪಂಚೆಯ ಅಂಚು ಬಂತು, ಮೊಣಕೈ ಬಂತು. ಬೆಳಗಿನ ಹನ್ನೊಂದು ಗಂಟೆ, ಸುತ್ತ ಎಲ್ಲರೂ ಹರಟುತ್ತಿದ್ದಾರೆ, ನಾನೊಬ್ಬಳು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತೆ. ಯಾರೋ ಜವರಪ್ಪನ ಪಕ್ಕ ನಿಂತು ಅವನ ಹೆಗಲ ಮೇಲೆ ಕೈ ಇಟ್ಟಿದ್ದರು. ಎಷ್ಟು ಕಪ್ಪು ಏರಿಸಿದರೂ ಮುಖ ಮಾತ್ರ ಮೂಡಲಿಲ್ಲ.

ನಮ್ಮ ಮೇಷ್ಟ್ರು ಸಿದ್ದಬಸಪ್ಪನವರನ್ನು ಕರೆದು ತೋರಿಸಿದೆ. ‘ಹೆದರ್ಕೋಬೇಡ ಕಣಮ್ಮ. ರಬ್ಬರು ಗೆರೆ ಅಳಿಸ್ತದೆ, ಪೆನ್ಸಿಲ್ ಒತ್ತಿದ ಗುರುತು ಕಾಗದದಲ್ಲಿ ಹಂಗೇ ಉಳೀತದೆ. ಯಾರನ್ನೋ ಬರೆದು ನೀನೇ ಅಳಿಸಿದ್ದೀಯ’ ಎಂದರು. ನಾನು ಅಳಿಸಿಲ್ಲ ಅಪ್ಪ.

ಆ ಕೈಯನ್ನು ದೊಡ್ಡದು ಮಾಡಿ ನೋಡಿದೆ. ಕಿರುಬೆರಳು ಅರ್ಧವೇ ಇತ್ತು. ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರಕ್ಕೆ ಸಿಕ್ಕಿ ತುಂಡಾದ ಆ ಬೆರಳನ್ನು ಹಿಡಿದುಕೊಂಡೇ ನಾನು ನಡೆಯಲು ಕಲಿತದ್ದು. ಆಗ ಎಲ್ಲ ನೆನಪಾಯಿತು. ಬರೆದ ದಿನವೇ ಸಂಜೆ ಚಿತ್ರದ ಒಂದು ಪಕ್ಕ ಬೆಳ್ಳಗಾಗಿತ್ತು. ‘ನನ್ನ ಮೂತಿ ಕೆಟ್ಟದಾಗಿ ಬರ್ದಿದ್ದೆ ಕಣವ್ವ, ಅದ್ಕೆ ಒರೆಸ್ಬುಟ್ಟೆ’ ಎಂದು ನಕ್ಕಿದ್ದಿರಿ. ನಾನು ಅತ್ತಿದ್ದೆ. ಮರುದಿನವೇ ನನ್ನನ್ನು ಬೆಳಗೋಡಿನ ಅಜ್ಜಿ ಮನೆಗೆ ಕಳಿಸಿದಿರಿ.

ಮೂಲೆಯಲ್ಲಿ ನನ್ನ ಸಹಿ ಇದೆ, ತಾರೀಕು 27-1-2001. ಜವರಪ್ಪ ಕಾಣೆಯಾದ ಶನಿವಾರ. ‘ಅವತ್ತು ಬೆಳಗಿನ ಬಸ್ಸಿಗೇ ಸಕಲೇಶಪುರಕ್ಕೆ ಹೋಗಿದ್ದೆ, ಅವನ ಮುಖವನ್ನೇ ನೋಡಿಲ್ಲ’ ಎಂದು ಪೊಲೀಸರಿಗೂ ಮಾರಮ್ಮನಿಗೂ ನೀವು ಹೇಳಿದ್ದು ಊರಿಗೆಲ್ಲ ಗೊತ್ತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ನೀವು, ನೀವು ಹೇಳಿದ ಮೇಲೆ ಮುಗಿಯಿತಲ್ಲ. ಹದಿಮೂರು ವರ್ಷದವಳನ್ನು ಯಾರು ಕೇಳುತ್ತಾರೆ?

ನಿಮ್ಮನ್ನು ಎರಡನೇ ಸಲ ಅಳಿಸಿದ್ದೇನೆ, ಈ ಸಲ ನಾನೇ. ಕಂಪ್ಯೂಟರಿನ ರಬ್ಬರಿಗೆ ಗುರುತೂ ಉಳಿಯುವುದಿಲ್ಲ. ನೀವು ನಿಂತಿದ್ದ ಕಡೆ ಒಂದು ಕಾಫಿ ಗಿಡ ಬರೆದು ಹಸಿರು ತುಂಬಿದೆ. ಆದರೂ ಜವರಪ್ಪನ ಆ ಹೆಗಲು ಕುಗ್ಗಿಯೇ ಇದೆ. ಕೈ ಹೋಗಿದೆ, ಭಾರ ಹೋಗಿಲ್ಲ. ಮೂರು ಸಲ ಹೆಗಲನ್ನು ಮೇಲೆತ್ತಿ ಬರೆದೆ. ಎತ್ತಿದರೆ ಅವನು ಜವರಪ್ಪನೇ ಅಲ್ಲ, ಬೇರೆ ಯಾರೋ ಆಗುತ್ತಾನೆ. ಹಾಗೇ ಬಿಟ್ಟಿದ್ದೇನೆ. ಶನಿವಾರ ಮಾರಮ್ಮ ಬಂದು ತೆಗೆದುಕೊಂಡು ಹೋಗುತ್ತಾಳೆ.

ನನಗೆ ಭಯವಾಗಿದೆ. ತಾರೀಕು ನಾನೇ ತಪ್ಪು ಹಾಕಿರಬಹುದು. ಹಾಗೆಂದು ಒಂದು ಸಾಲು ಬರೆದುಬಿಡಿ ಅಪ್ಪ, ನಂಬುತ್ತೇನೆ. ನಿಮ್ಮ ಮೇಲಿನ ಪ್ರೀತಿ ಎಳ್ಳಷ್ಟೂ ಕಡಿಮೆಯಾಗಿಲ್ಲ, ಕಷ್ಟವಾಗಿರುವುದೇ ಅದರಿಂದ. ಅಮ್ಮನಿಗೆ ಇದೆಲ್ಲ ಹೇಳಬೇಡಿ. ಮಂಡಿ ನೋವಿಗೆ ಎಣ್ಣೆ ಹಚ್ಚುವುದು ತಪ್ಪಿಸಬೇಡಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ, ನಿಮ್ಮ ಆಶೀರ್ವಾದ ನನ್ನ ಮೇಲಿರಲಿ.

ನಿಮ್ಮ ಮಗಳು
ರಶ್ಮಿ

ತಾ.ಕ.: ಕವರು ಅಂಟಿಸುವ ಮೊದಲೇ ಮಾರಮ್ಮ ಬಂದುಬಿಟ್ಟಳು, ಇವತ್ತು ಮಧ್ಯಾಹ್ನವೇ. ಮನಸ್ಸು ತಡೆಯಲಿಲ್ಲವಂತೆ. ಚಿತ್ರ ತೋರಿಸಿದೆ. ಬಹಳ ಹೊತ್ತು ನೋಡಿದಳು. ‘ಚೆಂದಾಗೈತೆ ಮಗ. ಆದ್ರೆ ನಮ್ಮವ್ರು ಯಾರ್ನೋ ನೋಡ್ತಾವ್ರಲ್ಲ, ಪಕ್ಕದಾಗೆ ಯಾರಿದ್ರು?’ ಎಂದಳು. ಯಾರೂ ಇರಲಿಲ್ಲ ಎನ್ನಲು ಬಾಯಿ ತೆರೆದೆ. ‘ಅಪ್ಪ’ ಎಂದುಬಿಟ್ಟೆ. ಅವಳು ಅಳಲಿಲ್ಲ, ಬೈಯಲಿಲ್ಲ. ಚಿತ್ರವನ್ನೂ ತೆಗೆದುಕೊಳ್ಳಲಿಲ್ಲ. ‘ಎಡೆ ಆಮೇಲೆ ಮಡಗುದ್ರಾಯ್ತು. ಮದ್ಲು ರೈಟ್ರನ್ನ ಕೇಳ್ತೀನಿ’ ಎಂದು ಮೂರೂವರೆ ಬಸ್ಸು ಹತ್ತಿದಳು. ಈ ಕಾಗದ ನಿಮ್ಮನ್ನು ಮುಟ್ಟಲು ಎರಡು ದಿನವಾದರೂ ಬೇಕು. ನೀವು ಇದನ್ನು ಓದುವಷ್ಟರಲ್ಲಿ ಅವಳು ನಿಮ್ಮ ಮುಂದೆ ನಿಂತು ಕೇಳಿ ಆಗಿರುತ್ತದೆ. ಅವಳಿಗೆ ಏನು ಹೇಳಿದಿರೋ, ಅದನ್ನೇ ನನಗೂ ಬರೆಯಿರಿ.