ಜಗಳದ ಗೋಡೆ

ಹಳೆಯ ತಕ್ಕಡಿ ಕಾರ್ಖಾನೆಯ ಅಂಗಳ
ಶುಕ್ರವಾರ, ಮಧ್ಯಾಹ್ನ

ಪ್ರೀತಿಯ ಅಜ್ಜೀ,

ಇವತ್ತು ಬೆಳಗ್ಗೆ ನಿನ್ನ ಕೋಣೆಯ ಬಾಗಿಲು ಅರ್ಧಕ್ಕೆ ಬಂದು ನೆಲ ಕಚ್ಚಿಕೊಂಡು ನಿಂತುಬಿಟ್ಟಿತು. ಅದರ ಕಥೆ ಆಮೇಲೆ. ಮೊದಲು ನಿನ್ನ ಮಂಡಿ ಹೇಗಿದೆ ಹೇಳು. ಅತ್ತೆಯ ಮನೆಯಲ್ಲಿ ಮೆಟ್ಟಿಲಿಲ್ಲ ಅನ್ನುವುದೊಂದು ಪುಣ್ಯ. ಮಾತ್ರೆಯನ್ನು ಕೆನ್ನೆಯೊಳಗೆ ಇಟ್ಟುಕೊಂಡಿದ್ದು ಅತ್ತೆ ಆಚೆ ಹೋದಮೇಲೆ ಉಗಿಯುವ ನಿನ್ನ ಜಾಣತನ ನನಗೆ ಮೊದಲೇ ಗೊತ್ತು, ಈಗ ಅವಳಿಗೂ ಗೊತ್ತಾಗಿದೆಯಂತೆ. ನಾನು ಚೆನ್ನಾಗಿದ್ದೇನೆ. ತಲೆಯ ಮೇಲೆ ಸುಣ್ಣದ ಧೂಳು ಕೂತು ನಿನಗಿಂತ ಮುದುಕಿಯಾಗಿ ಕಾಣುತ್ತೇನೆ, ಅಷ್ಟೇ.

ಕಾರ್ಖಾನೆಯನ್ನು ಈಗ ನೋಡಿದರೆ ನೀನು ಗುರುತು ಹಿಡಿಯಲಾರೆ. ಮಸಿ ಹಿಡಿದಿದ್ದ ಇಟ್ಟಿಗೆಯನ್ನು ಉಜ್ಜಿ ಉಜ್ಜಿ ಕೆಂಪಗೆ ಮಾಡಿದ್ದಾರೆ. ತೂಕದ ಗುಂಡುಗಳನ್ನು ಎರಕ ಹೊಯ್ಯುತ್ತಿದ್ದ ಮೂಲೆಗೆ ಕಾಫಿ ಯಂತ್ರ ಬಂದಿದೆ. ಕೆಳಗಡೆ ಒಂದೇ ದೊಡ್ಡ ಹಜಾರ; ಸ್ವಂತ ಆಫೀಸಿಲ್ಲದವರು ಒಂದೊಂದು ಮೇಜು ಬಾಡಿಗೆಗೆ ಹಿಡಿದು ಲ್ಯಾಪ್‌ಟಾಪ್ ಮುಂದೆ ಕೂತಿರುತ್ತಾರೆ. ಮೇಲೆ ಮನೆಗಳು. ಅಲ್ಲಿಗೆ ಇನ್ನೂ ಯಾರೂ ಬಂದಿಲ್ಲ, ಮೊದಲು ನೀನೇ ಕಾಲಿಡಬೇಕಂತೆ. ಹಿಂದೆ ಗುಂಡುಗಳ ಉಗ್ರಾಣವಾಗಿದ್ದ ಮೇಲಿನ ನಡುಕೋಣೆ ನಿನ್ನದು. ಚಿಕ್ಕಪ್ಪ ನಿನ್ನ ಮಂಡಿಗೆಂದು ಲಿಫ್ಟ್ ಹಾಕಿಸಿ, ಕೋಣೆಯ ಕಿಟಕಿ ದೊಡ್ಡದು ಮಾಡಿಸಿ, ನೀನು ಹಿಡಿದು ನಡೆಯಲೆಂದು ಗೋಡೆಯುದ್ದಕ್ಕೂ ಮರದ ಪಟ್ಟಿ ಹೊಡೆಸಿ, ಬಂದವರಿಗೆಲ್ಲ ತೋರಿಸುತ್ತಾರೆ: "ನಮ್ಮಮ್ಮ ಇಲ್ಲಿ ಮಹಾರಾಣಿ ಥರ ಇರ್ತಾಳೆ." ಕಟ್ಟಡ ತೋರಿಸುವುದು, ಬೀಗದ ಕೈ ಇಟ್ಟುಕೊಳ್ಳುವುದು ನನ್ನ ಕೆಲಸ. ಸಂದರ್ಶನಗಳಲ್ಲಿ ಬಾಯಿ ಬಿಡದೆ ಎದ್ದು ಬರುತ್ತಿದ್ದವಳನ್ನು ಕರೆದು ಕೆಲಸ ಕೊಟ್ಟವರು ಅವರು. "ಸಾಹಿತ್ಯ ಓದಿ ಮೂಗಿ ಆದವಳು ಪ್ರಪಂಚದಲ್ಲಿ ಇವಳೊಬ್ಬಳೇ" ಎಂದು ರೇಗಿಸುತ್ತಾರೆ, ಆದರೂ ಆ ಋಣ ಸಣ್ಣದಲ್ಲ. ಅದಕ್ಕೇ ಈ ಕಾಗದ ಬರೆಯಲು ಕೈ ಏಳುತ್ತಿಲ್ಲ.

ಜಗಳದ ಗೋಡೆ ನಿನಗೆ ನೆನಪಿಲ್ಲದೆ ಏನು, ಪ್ರತಿ ಮದುವೆಯಲ್ಲೂ ನೀನೇ ಹೇಳುವ ಕಥೆ. ತಾತನಿಗೂ ಅವರ ಅಣ್ಣ ದೊಡ್ಡಜ್ಜನಿಗೂ ಮಾತು ಬಿಟ್ಟುಹೋಗಿ, ಒಬ್ಬರ ಮುಖ ಒಬ್ಬರು ನೋಡಬಾರದೆಂದು ತಾತ ಕೆಳಗಿನ ಹಜಾರದ ನಡುವೆ ಇಟ್ಟಿಗೆ ಗೋಡೆ ಎಬ್ಬಿಸಿದರು. ಆಚೆ ತಕ್ಕಡಿ, ಈಚೆ ಗುಂಡು. ಈಗಿನ ಕೆಲಸಕ್ಕೆ ನಕ್ಷೆ ಬರೆದ ಎಂಜಿನಿಯರ್ ಆ ಗೋಡೆಯನ್ನು ಹಾಗೇ ಉಳಿಸಿದ್ದರು. ಚಿಕ್ಕಪ್ಪ ಕೇಳಲಿಲ್ಲ. "ಅದು ಭಾರ ಹೊರೋ ಗೋಡೆ ಅಲ್ಲ, ಕೋಪಕ್ಕೆ ಕಟ್ಟಿದ್ದು. ಅವರಿಗೇನು ಗೊತ್ತು ನಮ್ಮನೆ ಕಥೆ" ಅಂದು, ಅವರಿಗೆ ತಿಳಿಸದೆ ಹೋದ ತಿಂಗಳು ಕೆಡವಿಸಿಬಿಟ್ಟರು. ಮೊದಲ ಇಟ್ಟಿಗೆಯನ್ನು ತಾವೇ ಕಿತ್ತರು, ಕಣ್ಣಲ್ಲಿ ನೀರಿತ್ತು. ದೊಡ್ಡಜ್ಜನ ಮಕ್ಕಳಿಗೆಲ್ಲ ಫೋನ್ ಮಾಡಿ, ಇನ್ನು ನಾವೆಲ್ಲ ಒಂದೇ ಅಂದರು.

ಆದರೆ ಗೋಡೆಯ ನೆತ್ತಿ ಬಿಚ್ಚಿದಾಗ ನಾನು ಅಲ್ಲೇ ಇದ್ದೆ. ಮೇಲಿನ ನೆಲದ ತೊಲೆಗಳೆಲ್ಲ ಅದರ ಮೇಲೆ ಕೂತಿದ್ದವು. ಸಂದಿಗೆ ಕಬ್ಬಿಣದ ಬೆಣೆ ಬಡಿದು ಬಿಗಿ ಮಾಡಿದ್ದರು. ಮುಖ ಮರೆಸಲು ಕಟ್ಟಿದ ಗೋಡೆಗೆ ಬೆಣೆ ಯಾಕೆ? ಮೇಸ್ತ್ರಿ ತೊಲೆಗಳ ಕೆಳಗೆ ಕಬ್ಬಿಣದ ಆಸರೆ ಕಂಬ ನಿಲ್ಲಿಸಿದ್ದ. ಹೋದ ವಾರ ಚಿಕ್ಕಪ್ಪ ಅವನ್ನೂ ತೆಗೆಸಿದರು, ಹಜಾರ ಬಯಲಿನ ಹಾಗೆ ಕಾಣಬೇಕಂತೆ. ಅವತ್ತಿನಿಂದ ನಿನ್ನ ಕೋಣೆಯ ಗೋಡೆಯಲ್ಲಿ ಬಿರುಕು. ಮೇಸ್ತ್ರಿ ಅದರ ಅಡ್ಡಕ್ಕೆ ತೆಳುವಾದ ಗಾಜಿನ ಪಟ್ಟಿ ಅಂಟಿಸಿದ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಒಡೆಯಿತು. "ಯಾರೋ ಕೈ ತಗಲಿಸಿದಾರೆ, ಇನ್ನೊಂದು ಅಂಟಿಸು" ಅಂದರು ಚಿಕ್ಕಪ್ಪ. ನಿನ್ನೆ ಸಂಜೆ ಇನ್ನೊಂದು ಅಂಟಿಸಿದ ಮೇಲೆ ಕೋಣೆಗೆ ಬೀಗ ಹಾಕಿದವಳು ನಾನು. ಬೆಳಗ್ಗೆ ಬಾಗಿಲಿಗೆ ಭುಜ ಕೊಟ್ಟು ನೂಕಿ ಒಳಗೆ ಹೋದರೆ ಅದೂ ಎರಡು ತುಂಡು. ಕೆಳಗೆ ಯಾರೋ ನಗುತ್ತಿದ್ದರು. ಮೇಜುಗಳಿಗೆ ಜನ ಬರತೊಡಗಿದ್ದರು.

ಅಲ್ಲಿ ನಿಂತಾಗ ನಿನ್ನ ಕಥೆಯ ಬಾಲ ನೆನಪಾಯಿತು. ಆ ಜಗಳದ ವರ್ಷ ಉಗ್ರಾಣದ ಗುಂಡುಗಳು ತಾವಾಗಿಯೇ ಉರುಳಿ ಕೋಣೆಯ ನಡುವೆ ಬಂದು ಸೇರುತ್ತಿದ್ದವು, "ಕಬ್ಬಿಣಕ್ಕಿದ್ದ ಬುದ್ಧಿ ಅಣ್ಣತಮ್ಮಂದಿರಿಗೆ ಇರಲಿಲ್ಲ" ಅಂತ ನಗಿಸುತ್ತೀಯಲ್ಲ. ಅಜ್ಜಿ, ಅವು ಬುದ್ಧಿಯಿಂದ ಬರಲಿಲ್ಲ. ಭಾರಕ್ಕೆ ನೆಲ ನಡುವೆ ಜಗ್ಗಿತ್ತು. ತಾತ ಗೋಡೆ ಕಟ್ಟಿದ್ದು ಅದನ್ನು ಎತ್ತಿ ಹಿಡಿಯಲು. ಈಗ ಗೋಡೆಯಿಲ್ಲದೆ ಅದು ಮತ್ತೆ ಜಗ್ಗುತ್ತಿದೆ, ಬಾಗಿಲು ಕಚ್ಚಿಕೊಂಡಿದ್ದೂ ಅದಕ್ಕೇ. ಜಗಳವೂ ಅದೇ ವರ್ಷ ನಡೆದಿತ್ತು, ನಾವು ಎರಡನ್ನೂ ಗಂಟು ಹಾಕಿದೆವು. ಇದನ್ನು ಚಿಕ್ಕಪ್ಪನಿಗೆ ಹೇಳಲು ಹೋದೆ. ನನ್ನ ದನಿ ನಿನಗೆ ಗೊತ್ತೇ ಇದೆ. "ಮರ ಅಲ್ವೇನೇ, ಹವಾಕ್ಕೆ ಉಬ್ಬತ್ತೆ. ಬಾಗಿಲಿನ ಅಡಿ ಒಂಚೂರು ಹೆರೆಸಿದ್ರೆ ಆಯ್ತು" ಎನ್ನುತ್ತ ಬಡಗಿಯ ನಂಬರು ಹುಡುಕಿದರು. ಎರಡು ಸಲ ತಪ್ಪು ನಂಬರು ಒತ್ತಿದರು. ಅವರಿಗೂ ಅನುಮಾನ ಬಂದಿದೆ, ಅಜ್ಜಿ. ನೀನು ಬರುವ ಮುಂಚೆ ಒಪ್ಪಿಕೊಳ್ಳುವ ಧೈರ್ಯವಿಲ್ಲ, ಅಷ್ಟೇ. ಇಷ್ಟು ಆಸೆಯಿಂದ ಯಾರೂ ತಾಯಿಗೆ ಕೋಣೆ ಕಟ್ಟಿಸಿರಲಾರರು.

ಅವರನ್ನು ಬೈಯಬೇಡ. ಅತ್ತೆಗೆ ನಮಸ್ಕಾರ ಹೇಳು, ಅವಳ ಮಕ್ಕಳಿಗೆ ಮುತ್ತು. ನಿನ್ನ ಆಶೀರ್ವಾದ ನನಗೆ ಇವತ್ತು ಸ್ವಲ್ಪ ಜಾಸ್ತಿಯೇ ಬೇಕು.

ನಿನ್ನ
ಮೊಮ್ಮಗಳು

ತಾ.ಕ.: ಈ ಕಾಗದ ತರುವುದು ನಿನ್ನನ್ನು ಕರೆತರಲು ಚಿಕ್ಕಪ್ಪ ಕಳಿಸುತ್ತಿರುವ ಕಾರಿನ ಚಾಲಕ. ದಯವಿಟ್ಟು ಹತ್ತಬೇಡ. ಎಂಜಿನಿಯರ್‌ಗೆ ಈಗಷ್ಟೇ ಫೋನ್ ಮಾಡಿ ಎಲ್ಲ ಹೇಳಿದೆ. "ನಾನು ಆಸರೆ ಕಂಬ ತರುವ ತನಕ ಯಾರನ್ನೂ ಒಳಗೆ ಬಿಡಬೇಡಮ್ಮ" ಅಂದರು ಅವರು. ಚಿಕ್ಕಪ್ಪನಿಗೆ ಇನ್ನೂ ಗೊತ್ತಿಲ್ಲ. ಹಜಾರದವರೆಲ್ಲ ಊಟಕ್ಕೆ ಹೋಗಿದ್ದಾರೆ, ಒಳಗೆ ಯಾರೂ ಇಲ್ಲವೆಂದು ನೋಡಿಕೊಂಡು ಮುಂಬಾಗಿಲಿಗೆ ಬೀಗ ಹಾಕಿದ್ದೇನೆ. ಅವರು ವಾಪಸ್ಸು ಬಂದಾಗ ಕಾರಣ ನಾನೇ ಹೇಳುತ್ತೇನೆ. ಚಿಕ್ಕಪ್ಪ ಎಲ್ಲರೆದುರು ಕೈ ಚಾಚಿ ಕೀಲಿ ಕೇಳಿದರೂ ಕೊಡುವುದಿಲ್ಲ.