ಒಂಬತ್ತು ವರ್ಷ ಹಳೆಯ ಕಿಣ್ವ

ಮಹಾತಾಯಿ,

ನೀನು ಲ್ಯಾಬಿನ ಫ್ರೀಜರಿನಲ್ಲಿ ಬಿಟ್ಟುಹೋದ ಟ್ಯೂಬು ಇಂದು ಸಿಕ್ಕಿತು. ಒಂಬತ್ತು ವರ್ಷದ ಹಿಂದೆ ನನ್ನ ವಿದ್ಯಾರ್ಥಿನಿಯಾಗಿದ್ದಾಗ ನೀನು ಶುದ್ಧಗೊಳಿಸಿದ, ವೈರಸ್ಸಿನ ಡಿಎನ್‌ಎ ನಕಲು ಮಾಡುವ ಕಿಣ್ವ. ನಾನು ಹೋದ ತಿಂಗಳು ತಯಾರಿಸಿದ್ದು ಎರಡೇ ವಾರಕ್ಕೆ ಕೈಕೊಟ್ಟಿತ್ತು. ನಿನ್ನದೂ ಕೆಟ್ಟಿರಲೆಂದು ಮನಸಾರೆ ಹಾರೈಸಿ, ಹೊಸ ವಿದ್ಯಾರ್ಥಿನಿಯ ಕೈಗಿತ್ತೆ. ಮಧ್ಯಾಹ್ನದೊಳಗೆ ಅದು ರಾಶಿ ರಾಶಿ ನಕಲು ಮಾಡಿ ನನ್ನ ಹೊಟ್ಟೆ ಉರಿಸಿತು.

"ಜೀವಕೋಶದಲ್ಲೇ ಇಂಥ ಕಿಣ್ವ ಇರತ್ತಲ್ಲ ಸಾರ್, ವೈರಸ್ಸಿಗೆ ಬೇರೆ ಯಾಕೆ?" ಎಂದಳು.

"ಈ ವೈರಸ್ಸು ಭಾರಿ ಬಿಗುಮಾನದ ನೆಂಟ ಕಣಮ್ಮ. ಮನೆಯವರ ಅಡುಗೆ ಆಗಲ್ಲ. ಕೋಶದ ಕೈಲೇ ತನ್ನ ಕಿಣ್ವ ಮಾಡಿಸ್ಕೊಳ್ಳತ್ತೆ. ದಿನಸಿ ಮಾತ್ರ ಕೋಶದ್ದು."

"ಹಾಗಾದ್ರೆ ಆದ ನಕಲು ಯಾರದ್ದು? ದಿನಸಿ ಕೊಟ್ಟೋರದಾ?"

"ಛೆ, ಅದು ಹೇಗಾಗತ್ತೆ?" ಎಂದು ನಾಲಿಗೆ ಕಚ್ಚಿಕೊಂಡೆ. ಒಂಬತ್ತು ವರ್ಷದ ಹಿಂದೆ ನಿನ್ನ ದೂರು ಕೇಳಲು ಕೂತ ಸಮಿತಿಯೆದುರು, ಬೆಂಚು ನನ್ನದು, ರಾಸಾಯನಿಕ ನನ್ನದು, ಆದ್ದರಿಂದ ನಿನ್ನ ಸಂಶೋಧನೆಯೂ ನನ್ನದು ಎಂದು ಗಂಭೀರವಾಗಿ ವಾದಿಸಿದ್ದ ಪುಣ್ಯಾತ್ಮ ನಾನೇ. ನೀನು ಬಿಳಿ ಕೋಟು ಮಡಚಿಟ್ಟು ಹೊರಟೆ.

ಸಂಜೆ ಅವಳು ತಂದ, ನಾವು ಬರೆಯುತ್ತಿರುವ ಪ್ರಬಂಧದ ಕರಡಿನಲ್ಲಿ, ಲೇಖಕರ ಸಾಲಿನಲ್ಲಿ, ಟ್ಯೂಬಿನ ಮೇಲಿದ್ದ ನಿನ್ನ ಹೆಸರು ನನ್ನದಕ್ಕಿಂತ ಮೊದಲಿತ್ತು. ಹೊಡೆದುಹಾಕಲು ಪೆನ್ನು ತೆಗೆದೆ, ಮುಚ್ಚಿಟ್ಟೆ.

"ಅವರನ್ನ ಒಂದ್ಮಾತು ಕೇಳ್ಬೇಕಲ್ವಾ ಸಾರ್? ನಂಬರ್ ಇದೆಯಾ?"

ಇತ್ತು, ಕೊಟ್ಟೆ. ಅವಳು ಸ್ಪೀಕರ್ ಹಾಕಿ ಮಾತಾಡುವಾಗ ನಾನು ಬಾಗಿಲಾಚೆ ಕಿವಿಗೊಟ್ಟು ನಿಂತಿದ್ದೆ. ನೀನು ಅದೇ ಹಳೆಯ ನಗು ನಕ್ಕೆ. ಒಪ್ಪಿಗೆ ಕೊಟ್ಟೆ. ಆ ಕಿಣ್ವ ಈಗ ಹೇಗಿದೆ, ಚೆನ್ನಾಗಿ ನೋಡ್ಕೊಳ್ತಿದ್ದಾರಾ ಎಂದು ಎರಡೆರಡು ಸಲ ವಿಚಾರಿಸಿಕೊಂಡೆ.

ಆಮೇಲೆ ನನ್ನ ಸುದ್ದಿ ಒಂದು ಮಾತೂ ಕೇಳದೆ ನೀನು ಫೋನಿಟ್ಟೆ.